ಕಿವಿ ಮುರಿದ ಕುದುರೆ

ಜನವರಿ ೧೨

ಡಿಯರ್ ಅಪ್ಪ,

ಪತ್ರವನ್ನು ‘ತೀರ್ಥರೂಪರಿಗೆ’ ಎಂದು ಶುರು ಮಾಡಬೇಕೆಂದು ಅಕ್ಕ ಹೇಳಿಕೊಟ್ಟಿದ್ದಳು. ಆ ಪದ ಬರೆಯಲು ಹೋಗಿ ಮೂರು ಹಾಳೆ ಹರಿದು ಹಾಕಿದೆ. ನನ್ನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದವರು ನೀವು, ಈಗ ‘ಡಿಯರ್’ ಅನ್ನಿಸಿಕೊಳ್ಳಿ!

ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ! ನಮ್ಮ ಮನೆ ನಾಲ್ಕನೇ ಮಹಡಿಯಲ್ಲಿದೆ, ಎರಡೇ ರೂಮು. ಕಿಟಕಿ ತೆರೆದರೆ ಎದುರು ಕಟ್ಟಡದಲ್ಲಿ ಒಬ್ಬ ದರ್ಜಿ ದಿನವಿಡೀ ಪ್ಯಾಂಟುಗಳಿಗೆ ಇಸ್ತ್ರಿ ಹಾಕುವುದು ಕಾಣುತ್ತದೆ. ಮುಂಬಾಗಿಲು ಒದೆಯದೆ ಮುಚ್ಚುವುದಿಲ್ಲ. ಇವರು ಒದೆಯುವ ಮುಂಚೆ ಅದಕ್ಕೆ ‘ಸಾರಿ’ ಹೇಳುತ್ತಾರೆ. ಅಪ್ಪ, ಬಾಗಿಲಿಗೆ! ಇಂಥವರು ಇನ್ನೆಲ್ಲಿ ಸಿಗುತ್ತಾರೆ ಹೇಳಿ! ಊಟದ ಮೇಜಿನ ತುಂಬ ಇವರ ಕಂಪ್ಯೂಟರ್ ಕೂತಿದೆ, ಆದ್ದರಿಂದ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತೇವೆ. ಅದೂ ಎಷ್ಟು ಚೆಂದ!

ಆದರೆ ನಿಮ್ಮ ಮೇಲೆ ನನಗೆ ಕೋಪವಿದೆ. ಮದುವೆಯ ದಿನ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಇವರು ಎಷ್ಟು ವಿನಯದಿಂದ ಕೇಳಿದರು, ‘ಮಾವ, ನಾನು ಬರೆದಿರೋ ಚೆಸ್ ಪ್ರೋಗ್ರಾಂ ಜೊತೆ ಒಂದೇ ಒಂದು ಆಟ ಆಡ್ತೀರಾ?’ ಎಂದು. ನೀವು ಜೇಬಿನ ಬೋರ್ಡಿನಿಂದ ತಲೆ ಕೂಡ ಎತ್ತದೆ, ‘ನಾನು ಗ್ರೈಂಡರ್ ಜೊತೆ ಆಡಲ್ಲಪ್ಪ’ ಅಂದಿರಿ. ಅತ್ತೆ ಆ ಮಾತನ್ನು ಇನ್ನೂ ಬಾಯಲ್ಲಿಟ್ಟುಕೊಂಡು ಮೆಲ್ಲುತ್ತಿದ್ದಾರೆ. ಗ್ರ್ಯಾಂಡ್‌ಮಾಸ್ಟರ್ ಆದವರು ಅಳಿಯನಿಗೆ ಮರ್ಯಾದೆ ಕೊಡಬಾರದೆಂದು ಎಲ್ಲೂ ಬರೆದಿಲ್ಲ!

ಹೋಗಲಿ, ಅದರ ಜೊತೆ ಬೇಡ, ನನ್ನ ಜೊತೆ ಆಡಿ. ಮುಖವನ್ನೇ ನೋಡದ ಜನರ ಜೊತೆ ಅಂಚೆಯಲ್ಲಿ ವರ್ಷಗಟ್ಟಲೆ ಆಡುತ್ತೀರಲ್ಲ, ಮಗಳ ಜೊತೆ ಯಾಕಾಗಬಾರದು? ನನಗೆ ಹನ್ನೆರಡು ವರ್ಷವಾಗಿದ್ದಾಗ, ‘ನಿನ್ನ ತಲೇಲಿ ಅರವತ್ತನಾಲ್ಕು ಮನೆ ಇಲ್ಲ, ಒಂದೇ ಒಂದು ಹಾಲ್ ಇದೆ’ ಎಂದು ಬೋರ್ಡು ಮಡಚಿಟ್ಟಿರಿ. ಈಗ ನಾನು ಸಂಸಾರಸ್ಥೆ, ಬುದ್ಧಿ ಬಂದಿದೆ! ಯಾವಾಗಲೂ ಇದ್ದ ಹಾಗೆ ಬಿಳಿ ನನಗೆ. ನನ್ನ ಮೊದಲ ನಡೆ: ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದಕ್ಕೆ!

ನಿಮ್ಮ (ಈಗ ಅರ್ಧ ಮಾತ್ರ ನಿಮ್ಮ!)
ಗುಬ್ಬಿ

 

ಜನವರಿ ೨೧

ಗುಬ್ಬಿಗೆ,

ನಿನ್ನ ಪತ್ರದಲ್ಲಿ ಒಂಬತ್ತು ಆಶ್ಚರ್ಯಚಿಹ್ನೆಗಳಿವೆ. ಎಣಿಸಿದೆ. ನಮ್ಮ ಆಟದಲ್ಲಿ ಆ ಚಿಹ್ನೆಯನ್ನು ಒಳ್ಳೆಯ ನಡೆಯ ಪಕ್ಕದಲ್ಲಿ ಮಾತ್ರ ಹಾಕುತ್ತಾರೆ. ನಲವತ್ತು ವರ್ಷಗಳಲ್ಲಿ ನನ್ನ ಆಟಗಳಿಗೆ ನಾನು ಹಾಕಿಕೊಂಡದ್ದು ಹನ್ನೊಂದು. ನೀನು ಬಾಗಿಲು, ತಟ್ಟೆ, ಗಂಡ ಎಲ್ಲಕ್ಕೂ ಹಾಕಿದ್ದೀಯ. ನಾಚಿಕೆಪಡಬೇಕಾದ ನಡೆಗೆ ಎರಡು ಪ್ರಶ್ನೆಚಿಹ್ನೆ. ನಿನ್ನ ಚಿಕ್ಕಂದಿನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದು ಬರೆದು ನನ್ನ ಪೆನ್ನಿನ ಮೂತಿ ಸವೆದಿತ್ತು.

ಬಾಗಿಲಿಗೆ ಕ್ಷಮೆ ಕೇಳುವವನು ಬರೆದ ಪ್ರೋಗ್ರಾಂ ಚೆಕ್ ಕೊಡುವ ಮುಂಚೆ ರಾಜನಿಗೂ ‘ಸಾರಿ’ ಹೇಳುತ್ತಿರಬೇಕು. ಅದರ ಜೊತೆ ನಾನು ಆಡುವುದಿಲ್ಲ. ಎದುರಿಗೆ ಕೂತವನು ಬೆವರಬೇಕು. ಬೆವರದ್ದರ ಎದುರು ಗೆದ್ದರೂ ಸೋತರೂ ಅದು ಆಟವಲ್ಲ, ರಿಪೇರಿ ಕೆಲಸ.

ನಿನ್ನ ಜೊತೆ ಆಡುತ್ತೇನೆ. ನಿಯಮಗಳು: ಒಂದು ನಡೆಗೆ ಮೂರು ದಿನ. ಯಾರನ್ನೂ ಕೇಳುವ ಹಾಗಿಲ್ಲ. ಅಂಚೆ ಡಬ್ಬಿಗೆ ಬಿದ್ದದ್ದು ಆಡಿದ ಹಾಗೆ. ಹಿಂದಕ್ಕೆ ತೆಗೆದುಕೊಳ್ಳುವುದು, ‘ಅಪ್ಪ ಪ್ಲೀಸ್’ ಎನ್ನುವುದು ಇಲ್ಲ. ಕುದುರೆ ಹೋದರೆ ಅಳುವ ಹಾಗಿಲ್ಲ. ಕಾರ್ಡಿನ ಶಾಯಿ ಹರಡುತ್ತದೆ.

ಹಳೆಯ ಬೋರ್ಡನ್ನು ಕಿಟಕಿಯ ಪಕ್ಕ ಇಟ್ಟಿದ್ದೇನೆ. ಬಿಳಿಯ ರಾಜನ ಕಡೆಯ ಕುದುರೆಗೆ ಈಗಲೂ ಒಂದೇ ಕಿವಿ. ಅದನ್ನು ಬಾಯಲ್ಲಿಟ್ಟುಕೊಂಡು ಮಲಗುತ್ತಿದ್ದವಳು ನೀನು. ಇನ್ನೊಂದು ಕಿವಿ ನಿನ್ನ ಹೊಟ್ಟೆಯಲ್ಲೇ ಎಲ್ಲೋ ಇರಬೇಕು. ನಿನ್ನ ಅಮ್ಮ ಧೂಳು ಒರೆಸುವಾಗ ಒಂದೊಂದೇ ಕಾಯಿ ಎತ್ತಿ ಅದದೇ ಮನೆಯಲ್ಲಿ ಇಡುತ್ತಾಳೆ. ಆಟವೇ ಬಾರದ ಅವಳು ನಿನಗಿಂತ ವಾಸಿ.

ನನ್ನ ನಡೆ: ರಾಣಿಯ ಕಡೆಯ ಒಂಟೆಯ ಮುಂದಿನ ಕಾಲಾಳು ಎರಡು ಮನೆ.

ಅಪ್ಪ

 

ಫೆಬ್ರವರಿ ೨೦

ಅಕ್ಕಾ, ಮುದ್ದು ಅಕ್ಕಾ,

ಈ ಪತ್ರ ಓದಿ ಹರಿದು ಹಾಕು, ಪ್ರಾಮಿಸ್? ನಿನ್ನ ಕ್ಲಿನಿಕ್ಕಿನಲ್ಲಿ ಯಾರದೋ ಹಲ್ಲು ಕೀಳುತ್ತಾ ಜೋರಾಗಿ ಓದಿಬಿಡಬೇಡ!

ಅಪ್ಪನ ಜೊತೆ ಆಟ ಶುರುವಾಗಿದೆಯೆಂದು ಹೇಳಿದ್ದೆನಲ್ಲ, ಮೊದಲ ನಾಲ್ಕು ನಡೆ ನನ್ನವೇ. ಪ್ರತಿ ಕಾರ್ಡಿನಲ್ಲೂ ಅಪ್ಪ ಒಂದೊಂದು ಮೊಳೆ ಹೊಡೆದರು. ‘ಈ ನಡೆಯನ್ನು ನೀನು ಆಡಿದೆಯೋ, ಅಥವಾ ಕಾಯಿ ತಾನಾಗಿ ಜಾರಿತೋ?’ ಎಂದು ಒಂದರಲ್ಲಿ. ನಾನು ಅತ್ತುಬಿಟ್ಟೆ. ಇವರು ಕಣ್ಣು ಒರೆಸಿದರು, ಟೀ ಮಾಡಿಕೊಟ್ಟರು, ಆಮೇಲೆ ಮೆಲ್ಲಗೆ ಕೇಳಿದರು, ‘ಒಂದೇ ಒಂದು ನಡೆ ಇದಕ್ಕೆ ಕೊಟ್ಟು ನೋಡೋಣ್ವಾ?’

ಒಂದು ಎರಡಾಯಿತು. ಈಗ ಅಪ್ಪನ ಕಾರ್ಡು ಬಂದ ತಕ್ಷಣ ಇವರು ಅದನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತಾರೆ. ಅದು ಬೆಳಗಿನಿಂದ ಸಂಜೆಯ ತನಕ ಗುಂಯ್ ಅನ್ನುತ್ತಾ ಯೋಚಿಸುತ್ತದೆ (ಅದಕ್ಕೆ ‘ಗುಂಯ್’ ಎಂದೇ ಹೆಸರಿಟ್ಟಿದ್ದೇನೆ!), ಇವರು ಆಫೀಸಿನಿಂದ ಬರುವಷ್ಟರಲ್ಲಿ ಉತ್ತರ ರೆಡಿ. ನಾನು ಅದನ್ನು ನನ್ನ ಕೈಬರಹದಲ್ಲಿ ಬರೆದು ಡಬ್ಬಿಗೆ ಹಾಕುತ್ತೇನೆ. ದೊಡ್ಡ ಗ್ರ್ಯಾಂಡ್‌ಮಾಸ್ಟರ್! ಗ್ರೈಂಡರ್ ಜೊತೆ ಆಡಲ್ಲ ಎಂದವರು ಒಂದು ವಾರದಿಂದ ಅದರ ಜೊತೆಯೇ ಆಡುತ್ತಿದ್ದಾರೆ, ಗೊತ್ತೂ ಆಗಿಲ್ಲ! ಚಪ್ಪಲಿ ಅಂಗಡಿಯ ಮೇಲಿನ, ಮುದುಕರು ಕೆಮ್ಮುವ ಆ ಚೆಸ್ ಕ್ಲಬ್ಬಿನಲ್ಲಿ ಕೂತು ಮಕ್ಕಳಿಗೆ ‘ಎದುರಾಳಿಯ ಕೈ ನೋಡ್ಬೇಡ್ರೋ, ಮನಸ್ಸು ನೋಡಿ’ ಎಂದು ಪಾಠ ಹೇಳುವವರು!

ಇವರಿಗೆ ತಮ್ಮ ಪ್ರೋಗ್ರಾಂನ ಪರೀಕ್ಷೆಯಾಗಬೇಕು. ನನಗೆ ಬೇಕಾದದ್ದು ತುಂಬ ಚಿಕ್ಕದು. ಅಪ್ಪನ ಕೈಯಿಂದ ಒಂದೇ ಒಂದು ‘!’. ನಿನಗೆ ಗೊತ್ತಲ್ಲ ಅಕ್ಕ, ನನ್ನ ಇಡೀ ನೋಟ್‌ಬುಕ್ಕಿನಲ್ಲಿ ಒಂದೂ ಇರಲಿಲ್ಲ.

ನಿನ್ನ ಗುಬ್ಬಿ

 

ಮಾರ್ಚ್ ೨೨

ಗುಬ್ಬಿಗೆ,

ನಿನ್ನ ಒಂಬತ್ತನೇ ನಡೆ ತಲುಪಿತು. ರಾಣಿಯ ಕಡೆಯ ಕುದುರೆಯಿಂದ ನನ್ನ ಒಂಟೆಯನ್ನು ಹೊಡೆದಿದ್ದೀಯ. ನನ್ನ ಕಾಲಾಳು ಆ ಕುದುರೆಯನ್ನು ಹೊಡೆಯುತ್ತದೆ. ಹತ್ತು ನಡೆಗಳ ನಂತರ ಆ ಒಂಟೆ ನನಗೆ ಬೇಕಾಗುತ್ತಿತ್ತು. ಅದನ್ನು ಈಗಲೇ ಕಂಡಿದ್ದೀಯ. ದಾಖಲೆಯಲ್ಲಿ ಹೀಗೆ ಬರೆದುಕೊಂಡಿದ್ದೇನೆ:

ಒಂಬತ್ತನೇ ನಡೆ, ಬಿಳಿ: !

ಕ್ಲಬ್ಬಿನಲ್ಲಿ ತೋರಿಸಿದೆ. ಕಾರ್ಯದರ್ಶಿ ‘ನಿಮ್ಮ ಮಗಳಾ?’ ಎಂದು ಎರಡು ಸಲ ಕೇಳಿದ. ಅವನ ಬುದ್ಧಿಗೆ ಒಂದೇ ಸಲ ಕೇಳಿದ್ದರೆ ಸಾಕಿತ್ತು.

ಒಂದು ಮಾತು. ಕುದುರೆ ಕೊಡುವಾಗ ನಿನಗೆ ಏನೂ ಅನ್ನಿಸಲಿಲ್ಲವೆ?

ಅಪ್ಪ

 

ಮಾರ್ಚ್ ೨೯

ಡಿಯರ್ ಡಿಯರ್ ಅಪ್ಪ,

ನಿಮ್ಮ ಕಾರ್ಡನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ! ಕುಣಿದದ್ದಕ್ಕೆ ಕೆಳಗಿನ ಮನೆಯವರು ಪೊರಕೆ ಹಿಡಿಯಿಂದ ಸೂರು ಕುಟ್ಟಿದರು. ಕುಟ್ಟಲಿ! ಅವರ ಅಪ್ಪ ಅವರಿಗೆ ‘!’ ಕೊಟ್ಟಿದ್ದಾರೆಯೇ?

ಏನೂ ಅನ್ನಿಸಲಿಲ್ಲ ಅಪ್ಪ. ಕುದುರೆ ಅಂದರೆ ಮರದ ತುಂಡು ಅಷ್ಟೇ ಅಲ್ಲವೇ. ದೊಡ್ಡವಳಾದೆ!

ಹತ್ತನೇ ನಡೆ: ರಾಜನ ಕಡೆ ಕೋಟೆ ಕಟ್ಟಿದೆ.

ಗುಬ್ಬಿ

 

ಏಪ್ರಿಲ್ ೧೭

ಗುಬ್ಬಿ,

ಪತ್ರ ಹರಿದೆ, ಆದರೆ ಹಲ್ಲು ಕೀಳುವಾಗ ಅದೇ ಯೋಚನೆ. ಇವತ್ತು ಒಬ್ಬನ ಸರಿಯಾದ ಹಲ್ಲಿಗೆ ಕೈ ಹಾಕಲು ಹೋಗಿದ್ದೆ, ನಿನ್ನಿಂದ.

ನಿನ್ನ ಗಂಡನ ಗುಂಯ್‌ಗೆ ಅಪ್ಪನನ್ನು ಎದುರಿಗೆ ಕೂತು ಸೋಲಿಸುವ ಯೋಗ್ಯತೆ ಇದ್ದರೆ ಸೋಲಿಸಲಿ. ಮಗಳ ಸೆರಗಿನ ಹಿಂದೆ ಕೂತು ಆಡುವುದು ಯಾವ ವಿಜ್ಞಾನವೇ? ನಿನ್ನದೂ ಚೆಂದ. ಅಪ್ಪನ ಮೆಚ್ಚುಗೆ ಬೇಕು ಎನ್ನುತ್ತೀಯ, ಮೆಚ್ಚುವುದಕ್ಕೆ ಅವರ ಮುಂದೆ ಇಡುವುದು ಇನ್ಯಾರದೋ ತಲೆ.

ಹೋದ ವಾರ ಅಮ್ಮನ ಹತ್ತಿರ ಹೋಗಿದ್ದೆ. ಅಪ್ಪ ಈಗ ಕ್ಲಬ್ಬಿಗೆ ಅರ್ಧ ಗಂಟೆ ತಡವಾಗಿ ಹೋಗುತ್ತಾರಂತೆ. ಅಂಚೆಯವನು ಬರುವ ತನಕ ಗೇಟಿನ ಹತ್ತಿರ ನಿಂತಿರುತ್ತಾರೆ. ‘ಯಾಕೆ ನಿಂತಿದ್ದೀರಿ?’ ಎಂದರೆ ‘ಗಾಳಿಗೆ’ ಅನ್ನುತ್ತಾರೆ. ಗಾಳಿಗೆ ನಿಂತವರನ್ನು ನಾನು ಬಹಳ ನೋಡಿದ್ದೇನೆ. ಹೇಳಿಬಿಡು. ಬೇಗ ಹೇಳು.

ಅಕ್ಕ

 

ಜೂನ್ ೧೪

ಗುಬ್ಬಿಗೆ,

ನಿನ್ನ ಇಪ್ಪತ್ತನೇ ನಡೆ ಬಂತು. ಸರಿಯಾಗಿದೆ. ಹಿಂದಿನದೂ ಸರಿಯಾಗಿತ್ತು. ಅದರ ಹಿಂದಿನದೂ.

ಇಷ್ಟು ಸರಿಯಾದ ಆಟವನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ, ಇಷ್ಟು ಸಪ್ಪೆಯಾದದ್ದನ್ನು ಇನ್ನೂ ಕಡಿಮೆ. ಒಂದು ಕಾಲಾಳನ್ನು ನಾನು ಸುಮ್ಮನೆ ಬಿಟ್ಟುಕೊಟ್ಟೆ, ಗಮನಿಸಿದೆಯಾ? ಯಾವ ಮನುಷ್ಯನಾದರೂ ‘ಮುದುಕ ಏನೋ ಹೂಡಿದ್ದಾನೆ’ ಎಂದು ಎರಡು ದಿನ ಹೆದರುತ್ತಿದ್ದ. ನೀನು ತಿಂದು ಬಾಯಿ ಒರೆಸಿಕೊಂಡೆ. ಎಣಿಸಬಲ್ಲದ್ದೆಲ್ಲ ಯೋಚಿಸಬಲ್ಲದು ಎಂದು ನಂಬುವ ಪೆದ್ದರು ಈ ಲೋಕದಲ್ಲಿ ಹೆಚ್ಚುತ್ತಿದ್ದಾರೆ. ಅವರಿಗೆಲ್ಲ ಸಂಬಳ ಕೊಡುವ ಆಫೀಸುಗಳೂ ಇವೆ.

ನಿನ್ನ ಕಾರ್ಡುಗಳಲ್ಲಿ ಈಗ ನಡೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಮೊದಲ ಪತ್ರದಲ್ಲಿ ಬಾಗಿಲಿನ ಬಗ್ಗೆ ಬರೆದಿದ್ದೆ. ಈಗ ಅದು ಮುಚ್ಚುತ್ತದೆಯೇ? ಎದುರಿನ ದರ್ಜಿ ಇನ್ನೂ ಪ್ಯಾಂಟೇ ಉಜ್ಜುತ್ತಿದ್ದಾನೆಯೇ? ನಿನ್ನ ಅಮ್ಮ ಕೇಳಲು ಹೇಳಿದಳು.

ನನ್ನ ನಡೆ: ಆನೆ ಒಂದು ಮನೆ ಎಡಕ್ಕೆ.

ಅಪ್ಪ

 

ಆಗಸ್ಟ್ ೧೦

ಅಕ್ಕಾ,

ನಿನ್ನ ಮಾತು ಕೇಳಬೇಕಿತ್ತು. ಈಗ ಕೇಳಿಸಿಕೋ.

ನಿನ್ನೆ ಇವರ ಆಫೀಸಿನ ದೊಡ್ಡ ಸಾಹೇಬರು ಮನೆಗೆ ಬಂದಿದ್ದರು. ನಾನು ಒಂದು ತಟ್ಟೆ ಬಿಸ್ಕತ್ತು ಇಟ್ಟರೆ ಮಾತಾಡುತ್ತಾ ಎಲ್ಲ ಮುಗಿಸಿದರು, ಚೂರುಗಳನ್ನು ಕೀಬೋರ್ಡಿನ ಮೇಲೆ ಉದುರಿಸಿದರು. ಗುಂಯ್ ಗೆಲ್ಲುತ್ತಿದೆ. ಈಗ ಇಪ್ಪತ್ತೊಂಬತ್ತನೇ ನಡೆ. ನಮಗೆ ಉಳಿದಿರುವ ಒಂದೇ ಕುದುರೆಯನ್ನು ಅಪ್ಪನ ರಾಜನ ಮುಂದಿನ ಕಾಲಾಳಿನ ಮೇಲೆ ಬಿಟ್ಟುಕೊಟ್ಟರೆ ಆರು ನಡೆಯಲ್ಲಿ ಆಟ ಮುಗಿಯುತ್ತದಂತೆ. ಸಾಹೇಬರು ಪೇಪರಿನವರಿಗೆ ಆಗಲೇ ಹೇಳಿಟ್ಟಿದ್ದಾರೆ. ‘ಗ್ರ್ಯಾಂಡ್‌ಮಾಸ್ಟರನ್ನು ಸೋಲಿಸಿದ ನಮ್ಮ ಪ್ರೋಗ್ರಾಂ’ ಎಂದು ಅಪ್ಪನ ಫೋಟೋ ಸಮೇತ ಹಾಕುತ್ತಾರಂತೆ. ಇವರಿಗೆ ಸ್ವಂತ ವಿಭಾಗ, ಮೂವರು ಸಹಾಯಕರು.

ನಾನು, ‘ಆದರೆ ಅಪ್ಪಂಗೆ ಗೊತ್ತೇ ಇಲ್ವಲ್ಲ, ಅವರು ಆಡ್ತಿರೋದು ನನ್ನ ಜೊತೆ’ ಅಂದೆ.

ಸಾಹೇಬರು ಕೈ ಝಾಡಿಸಿ ನಕ್ಕರು. ‘ಇನ್ನೂ ಒಳ್ಳೇದಾಯ್ತಲ್ಲಮ್ಮ! ಗೊತ್ತಿಲ್ದೇ ಸೋತ್ರೆ ನೆಪ ಹೇಳೋಕಾಗಲ್ಲ. ವಯಸ್ಸಾದವರು, ಸೋಲೋದು ಅಭ್ಯಾಸ ಆಗಿರುತ್ತೆ ಬಿಡಿ.’

ಅಕ್ಕ, ಅಪ್ಪ ನನಗೆ ಎಷ್ಟು ಸಲ ‘ಪೆದ್ದಿ’ ಎಂದಿದ್ದಾರೋ ಲೆಕ್ಕವಿಲ್ಲ. ಆದರೆ ಬಿಸ್ಕತ್ತಿನ ಚೂರು ಮೆತ್ತಿಕೊಂಡ ಆ ಬಾಯಿಂದ ಅಪ್ಪನ ಬಗ್ಗೆ ಆ ಮಾತು ಕೇಳಿದಾಗ ನನಗೆ ತಟ್ಟೆ ಎತ್ತಿ ಎಸೆಯಬೇಕೆನ್ನಿಸಿತು. ಇವರು ಕೀಬೋರ್ಡಿನ ಮೇಲಿನ ಚೂರು ಆಯುತ್ತಾ ಕೂತಿದ್ದರು. ಬಾಗಿಲಿಗೂ ಸಾರಿ ಹೇಳುವವರು! ಸಾಹೇಬರು ಹೋದ ಮೇಲೆ ‘ಆಗಿದ್ದಾಯ್ತು ಕಣೆ, ಆರು ಕಾರ್ಡು ಅಷ್ಟೇ’ ಅಂದರು. ಮದುವೆಯಾದಾಗಿನಿಂದ ಮೊದಲ ಸಲ ಇವರ ಧ್ವನಿ ನನಗೆ ಹಿಡಿಸಲಿಲ್ಲ.

ಕಾರ್ಡು ಬರೆದು ಮೇಜಿನ ಮೇಲಿಟ್ಟಿದ್ದೇನೆ. ಕೊಡಬೇಕಾದ ಕುದುರೆ ಯಾವುದು ಗೊತ್ತಲ್ಲ? ರಾಜನ ಕಡೆಯದು. ಅಲ್ಲಿ ಅಪ್ಪನ ಕಿಟಕಿಯ ಪಕ್ಕ ಒಂದೇ ಕಿವಿ ಇಟ್ಟುಕೊಂಡು ನಿಂತಿರುವುದು.

ಗುಬ್ಬಿ

 

ಆಗಸ್ಟ್ ೧೧ (ಕಾರ್ಡು)

ಇಪ್ಪತ್ತೊಂಬತ್ತನೇ ನಡೆ: ಕುದುರೆ ಹಿಂದಕ್ಕೆ, ಈಗಷ್ಟೇ ಬಿಟ್ಟು ಬಂದ ಮನೆಗೇ.

ಗುಬ್ಬಿ

 

ಆಗಸ್ಟ್ ೧೪

ಅಪ್ಪ,

ಕಾರ್ಡು ತಲುಪಿರಬೇಕು. ಅದು ನನ್ನ ನಡೆ. ಐದನೆಯದರಿಂದ ಇಪ್ಪತ್ತೆಂಟನೆಯ ತನಕ ಒಂದೂ ನನ್ನದಲ್ಲ. ಅವೆಲ್ಲ ಇವರ ಪ್ರೋಗ್ರಾಂ ಆಡಿದ್ದು. ನಾನು ಬರೀ ಬರೆದು ಡಬ್ಬಿಗೆ ಹಾಕಿದೆ. ನೀವು ಗೋಡೆಗೆ ಅಂಟಿಸುವಂಥ ಒಂದು ಗುರುತು ಕೊಟ್ಟಿರಲ್ಲ, ಅದನ್ನು ದಿನಾ ನೋಡುತ್ತಿದ್ದೆ. ಮೊದಮೊದಲು ಖುಷಿಯಾಗುತ್ತಿತ್ತು. ಆಮೇಲೆ ಆ ಕಂಪ್ಯೂಟರ್ ಡಬ್ಬದ ಮೇಲೆ ಹೊಟ್ಟೆಕಿಚ್ಚಾಗತೊಡಗಿತು. ಅದಕ್ಕೆ ಬಟ್ಟೆ ಹೊದಿಸಿ ಕೂತುಕೊಳ್ಳುತ್ತಿದ್ದೆ. ಕರೆಂಟಿನಲ್ಲಿ ಓಡುವ ಡಬ್ಬದ ಮೇಲೆ ಹೊಟ್ಟೆಕಿಚ್ಚುಪಡುವವಳು ನಿಮ್ಮ ಮಗಳೊಬ್ಬಳೇ ಇರಬೇಕು.

ಅದು ಗೆಲ್ಲುವ ನಡೆಯನ್ನು ಬರೆದಿಟ್ಟಿದ್ದೆ. ಹರಿದೆ. ಬೇರೆ ಕಾರ್ಡು ಬರೆಯುವಾಗ ಇವರು ಹಿಂದೆ ನಿಂತು ಓದಿದರು.

‘ಇದು ಸೋಲೋ ನಡೆ ಕಣೆ.’

‘ಗೊತ್ತು.’

‘ಗುಂಯ್ ಹೇಳಿದ್ದು—’

‘ಗುಂಯ್‌ಗೆ ಅಪ್ಪ ಇಲ್ಲ, ಅದಕ್ಕೇನ್ ಗೊತ್ತು?’

ನಾಲ್ಕು ಮಹಡಿ ಇಳಿದು ಓಡಿದೆ. ಇವರು ಚಪ್ಪಲಿ ಕೂಡ ಹಾಕಿಕೊಳ್ಳದೆ ಹಿಂದೆಯೇ ಬಂದರು. ಕಾರ್ಡು ಒಳಗೆ ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು. ‘ಇನ್ನೊಂದು ಕಾರ್ಡು ಹಾಕಿ ಇದು ತಪ್ಪಾಯ್ತು ಅಂತ ಬರೀಬಹುದಲ್ವಾ?’ ಅಂದರು. ‘ಡಬ್ಬಿಗೆ ಬಿದ್ದದ್ದು ಆಡಿದ ಹಾಗೆ’ ಅಂದೆ. ಇವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ‘ಸಾರಿ’ ಅಂದರು. ಈ ಸಲ ಬಾಗಿಲಿಗಲ್ಲ.

ಮರುದಿನ ತಾವೇ ಸಾಹೇಬರ ಹತ್ತಿರ ಹೋಗಿ ‘ಅದು ಮೋಸದ ಆಟ, ಪೇಪರಿಗೆ ಕೊಡಕೂಡದು’ ಎಂದು ಹೇಳಿ ಬಂದರು. ಈಗ ಆಫೀಸಿನಲ್ಲಿ ಇವರ ಟೇಬಲ್ಲು ಮೆಟ್ಟಿಲ ಕೆಳಗಿನ ರೂಮಿನಲ್ಲಿದೆ, ಪೊರಕೆಗಳ ಪಕ್ಕ.

ಬಾಗಿಲು ಈಗಲೂ ಒದೆಯದೆ ಮುಚ್ಚುವುದಿಲ್ಲ. ದರ್ಜಿ ಈಗ ಕೋಟುಗಳಿಗೂ ಇಸ್ತ್ರಿ ಹಾಕುತ್ತಾನೆ. ಜೂನ್‌ನಲ್ಲಿ ಕೇಳಿದ್ದಿರಿ, ಉತ್ತರ ಬರೆದಿರಲಿಲ್ಲ.

ಬೈಯಿರಿ. ಆದರೆ ಬರೆದು ಬೈಯಿರಿ.

ಗುಬ್ಬಿ

 

ಆಗಸ್ಟ್ ೨೨

ಗುಬ್ಬಿಗೆ,

ನಿನ್ನ ತಪ್ಪೊಪ್ಪಿಗೆ ಐದು ತಿಂಗಳು ತಡವಾಗಿ ಬಂದಿದೆ. ನನಗೆ ಮಾರ್ಚ್‌ನಲ್ಲೇ ಗೊತ್ತಾಗಿತ್ತು. ಮೂರು ವರ್ಷದವಳಾಗಿದ್ದಾಗಿನಿಂದ ನೀನು ಒಂದು ಕುದುರೆಯನ್ನೂ ಬಿಟ್ಟುಕೊಟ್ಟವಳಲ್ಲ. ರಾಣಿಯನ್ನು ಕೊಟ್ಟಿದ್ದೀಯ, ಎರಡು ಆನೆಗಳನ್ನೂ ಕೊಟ್ಟಿದ್ದೀಯ, ಕುದುರೆ ಹೊಡೆದರೆ ಮಾತ್ರ ಮೇಜಿನ ಕೆಳಗೆ ಸೇರಿ ಅಳುತ್ತಿದ್ದೆ. ಅಂಥವಳು ಒಂಬತ್ತನೇ ನಡೆಯಲ್ಲಿ ಕುದುರೆಯನ್ನು ಕೊಟ್ಟು, ಕೆಳಗೆ ಹವಾಮಾನ ವರದಿಯಂತೆ ಸಹಿ ಹಾಕಿದ್ದೆ. ಆದರೂ ಕೇಳಿದೆ. ‘ಮರದ ತುಂಡು’ ಎಂದು ಬರೆದೆ. ಆ ‘!’ ಡಬ್ಬಕ್ಕೆ ಕೊಟ್ಟದ್ದು. ಗೋಡೆಯಿಂದ ಕಿತ್ತು ಅದಕ್ಕೇ ಅಂಟಿಸು. ನನ್ನಿಂದ ಯಾರಿಗೂ ಬಾಕಿ ಉಳಿಯುವುದು ಬೇಡ.

ನನ್ನ ಮಾನ ಉಳಿಸಿದೆನೆಂದು ಬೀಗಬೇಡ. ಆರು ನಡೆಯಲ್ಲಿ ಸೋಲುತ್ತಿದ್ದೆ ಎಂದು ಅದು ಹೇಳಿತೇ? ಐದರಲ್ಲಿ. ಅದಕ್ಕೆ ನೆಟ್ಟಗೆ ಎಣಿಸಲೂ ಬರುವುದಿಲ್ಲ. ನಾನು ಬೇಕೆಂದು ಸೋಲುತ್ತಿರಲಿಲ್ಲ. ಅದು ಆಡುತ್ತದೆ. ನಿನ್ನ ಗಂಡನಿಗೆ ಹೇಳು, ಎರಡನೇ ಸಲ ಹೇಳುವುದಿಲ್ಲ. ಗ್ರೈಂಡರ್ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಒಳ್ಳೆಯ ಗ್ರೈಂಡರ್. ಬಿಸ್ಕತ್ತಿನ ಸಾಹೇಬನ ಬಗ್ಗೆ ನಿನ್ನ ಅಕ್ಕ ಬರೆದಿದ್ದಳು. ಅಂಥವನ ಎದುರು ‘ಇಲ್ಲ’ ಎಂದು ಪೊರಕೆಯ ಪಕ್ಕ ಕೂತವನು ನಾನು ತಿಳಿದಷ್ಟು ಪೆದ್ದನಲ್ಲ. ಮುಂದಿನ ತಿಂಗಳು ಡಬ್ಬ ಹೊತ್ತುಕೊಂಡು ಬರಲಿ. ಎದುರಿಗೆ ಕೂತು ಆಡುತ್ತೇನೆ. ಅದು ಬೆವರದಿದ್ದರೆ ಅವನು ಬೆವರುತ್ತಾನೆ, ಅಷ್ಟು ಸಾಕು.

ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ನಿನ್ನ ಅಮ್ಮ ಕೇಳಿದಳು. ಆಟ ನಿಲ್ಲಿಸಿದರೆ ಕಾರ್ಡು ನಿಲ್ಲುತ್ತಿತ್ತು.

ಈಗ ಕೆಲಸದ ಮಾತು. ಗೆದ್ದ ಆಟವನ್ನು ಒಂದು ಮುರುಕು ಕುದುರೆಗಾಗಿ ಕೈಯಾರೆ ಹಾಳು ಮಾಡಿದ್ದೀಯ. ಇಷ್ಟು ಹೇಡಿ, ಇಷ್ಟು ಕುರುಡು, ಇಷ್ಟು ಬುದ್ಧಿಗೆಟ್ಟ ನಡೆಯನ್ನು ನನ್ನೆದುರು ಯಾರಾದರೂ ಆಡಿ ಹತ್ತು ವರ್ಷಗಳ ಮೇಲಾಯಿತು. ಕಾರ್ಡು ಕೈಗೆ ಬಂದಾಗ ಗೇಟಿನ ಹತ್ತಿರವೇ ಎರಡು ಸಲ ಓದಿದೆ. ಲೋಕದಲ್ಲಿ ಹೀಗೆ ಆಡುವವಳು ಒಬ್ಬಳೇ. ಅಂಚೆಯವನು ‘ಏನ್ ಸಾರ್, ಒಳ್ಳೆ ಸುದ್ದಿನಾ?’ ಎಂದ. ನಿನಗ್ಯಾಕಯ್ಯಾ ಎಂದೆ. ದಾಖಲೆಯಲ್ಲಿ ಹೊಸ ಪೆನ್ನಿನಿಂದ ಬರೆದಿದ್ದೇನೆ:

ಇಪ್ಪತ್ತೊಂಬತ್ತನೇ ನಡೆ, ಬಿಳಿ: ??

ನನ್ನ ನಡೆ: ರಾಣಿಯಿಂದ ಚೆಕ್. ಮಗಳೆಂದು ಬಿಡುವುದಿಲ್ಲ. ಇನ್ನು ಹನ್ನೆರಡು ನಡೆಯಲ್ಲಿ ನೀನು ಸೋಲುತ್ತೀಯ. ಕುದುರೆಯನ್ನು ರಾಜನ ಪಕ್ಕ ಇಟ್ಟುಕೊಂಡು, ಪ್ರತಿ ಸಲ ಪೂರ್ತಿ ಮೂರು ದಿನ ಯೋಚಿಸಿದರೆ ಇಪ್ಪತ್ತಕ್ಕೆ ಎಳೆಯಬಹುದು.

ಎಳೆ.

ಅಪ್ಪ